ಅಪ್ಪನ ಹೆಬ್ಬೆರಳು, ಮೂರು ಉಕ್ಕಿನ ಬಿಲ್ಲೆ

ಒಂದು ಭಾನುವಾರ ಅಪ್ಪ ಹೇಳದೆ ಕೇಳದೆ ವಿಜಯವಾಡದಿಂದ ವಿಶಾಖಪಟ್ಟಣದ ನನ್ನ ಮನೆಗೆ ಬಂದಿಳಿದ. ಮಗಳ ಮನೆಗೆ ಬರುವ ಅಪ್ಪಂದಿರ ಚೀಲದಲ್ಲಿ ಹಣ್ಣೋ ಉಪ್ಪಿನಕಾಯಿಯೋ ಇರುತ್ತದೆ. ಇವನ ಚೀಲದಿಂದ ಹೊರಬಂದದ್ದು ಅಮ್ಮನ ಹಳೆಯ ಮಂಗಳಗಿರಿ ಸೀರೆಯ ತುಂಡಿನಲ್ಲಿ ಸುತ್ತಿದ್ದ, ಅಂಗೈಯಗಲದ ಮೂರು ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆಗಳು. ಕೊಟ್ಟ ನೀರನ್ನೂ ಕುಡಿಯದೆ ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟ.

"ಸ್ಟೀಲ್ ಕೊಯ್ಯಾಕೆ ಹೊಸ ಲೇಸರ್ ಮಷಿನ್ ತಗೋಬೇಕು ಅಂತ ಮಾಡೀನಿ. ಯಾವ್ದು ಅಂತ ಇವತ್ತು ಇಲ್ಲೇ ತೀರ್ಮಾನ ಆಗ್ಬೇಕು" ಎಂದ.

ಅಪ್ಪ ದಾವಣಗೆರೆಯವನು. ಫಿಟ್ಟರ್ ಕೆಲಸ ಹುಡುಕಿಕೊಂಡು ವಿಜಯವಾಡಕ್ಕೆ ಬಂದು, ತೆಲುಗಿನವಳಾದ ಅಮ್ಮನನ್ನು ಮದುವೆಯಾಗಿ, ಆಟೋನಗರದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ. ಹೋಟೆಲ್ ಅಡುಗೆಮನೆಗಳಿಗೆ ಸ್ಟೀಲಿನ ಮೇಜು, ಕಪಾಟು ಮಾಡುತ್ತಾನೆ. ಪಕ್ಕದ ಇಬ್ರಾಹಿಂಪಟ್ನಂನ ಕಾರ್ಖಾನೆಗಳಿಂದ ದಪ್ಪ ಕಬ್ಬಿಣದ ಪ್ಲೇಟು ಕತ್ತರಿಸುವ ಕೆಲಸವೂ ಬರುತ್ತದೆ. ಅಳತೆಯ ಸಾಮಾನು ಎಷ್ಟಿದ್ದರೂ ಅವನಿಗೆ ನಂಬಿಕೆ ಬಲಗೈ ಹೆಬ್ಬೆರಳ ಮೇಲೆ. ಕತ್ತರಿಸಿದ ಅಂಚನ್ನು ಒಮ್ಮೆ ಸವರಿ "ಹೂಂ" ಎಂದರೆ ಮಾಲು ಹೊರಡುತ್ತದೆ, ಎದುರಾಡುವವರಿಲ್ಲ. ಚಿಕ್ಕವಳಿದ್ದಾಗ ನನ್ನ ಕೆನ್ನೆಯನ್ನೂ ಹಾಗೇ ಸವರಿ "ಪಾಸು" ಎನ್ನುತ್ತಿದ್ದ.

ಆದರೆ ಕೆಲವು ತಿಂಗಳಿಂದ ಮಾಲು ವಾಪಸ್ ಬರತೊಡಗಿತ್ತು. ಅಂಚಿನ ಕೆಳಗೆ ಕರಗಿದ ಲೋಹ ಸಣ್ಣ ಮುಳ್ಳುಗಳಾಗಿ ಉಳಿಯುತ್ತಿತ್ತಂತೆ. ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಕೈ ಕೊಯ್ದಿತ್ತು. ಆ ಸುದ್ದಿ ಕೇಳಿದ ದಿನ ಅಪ್ಪ ಊಟ ಮಾಡಲಿಲ್ಲವೆಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಮಷಿನ್ನಿಗೆ ವಯಸ್ಸಾಯಿತು, ಅದರದ್ದೇ ತಪ್ಪು ಎಂದು ಅವನು ಎಲ್ಲರೆದುರು ಹೇಳಿಬಿಟ್ಟಿದ್ದ.

ನಾನು ಅಚ್ಯುತಾಪುರಂನ ಒಂದು ಕಾರ್ಖಾನೆಯಲ್ಲಿ ಲೇಸರ್ ವಿಭಾಗವನ್ನೇ ನೋಡಿಕೊಳ್ಳುವವಳು. ಈ ವಿಷಯದಲ್ಲಿ ನನಗೆ ಜಂಬ ಸ್ವಲ್ಪ ಜಾಸ್ತಿಯೇ. ಅಪ್ಪನನ್ನು ಕೂರಿಸಿ ಪಾಠ ಶುರು ಮಾಡಿದೆ. ನಿನ್ನ ಹಳೆಯದು ಕಾರ್ಬನ್ ಡೈಆಕ್ಸೈಡ್ ಲೇಸರ್, ಬೆಳಕು ಕನ್ನಡಿಯಿಂದ ಕನ್ನಡಿಗೆ ಹಾಯ್ದು ಬರುತ್ತದೆ; ದಪ್ಪ ಪ್ಲೇಟಿನ ಅಂಚು ಚೆಂದ ಬರುತ್ತದೆ, ಆದರೆ ಆ ಕನ್ನಡಿಗಳ ಸೇವೆ ಮಾಡುತ್ತಲೇ ಇರಬೇಕು. ಹೊಸ ಫೈಬರ್ ಲೇಸರಿನಲ್ಲಿ ಬೆಳಕು ಗಾಜಿನ ಎಳೆಯೊಳಗೆ ಬರುತ್ತದೆ. ತೆಳು ಸ್ಟೀಲನ್ನು ಬಲು ಬೇಗ ಕೊಯ್ದು ಹಾಕುತ್ತದೆ. ಇನ್ನು ಜೊತೆಗೆ ಊದುವ ಗ್ಯಾಸು. ಆಕ್ಸಿಜನ್ ಊದಿದರೆ ಸ್ಟೇನ್‌ಲೆಸ್ ಅಂಚು ಕಪ್ಪಾಗುತ್ತದೆ, ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿಯಲು ತಡವಾಗುವುದಿಲ್ಲ. ನೈಟ್ರೋಜನ್ ಊದಿದರೆ ಹೊಳೆಯುತ್ತದೆ, ಆದರೆ ಸಿಲಿಂಡರುಗಳು ನೋಡನೋಡುತ್ತ ಖಾಲಿ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅಪ್ಪ ತಲೆಯಾಡಿಸುತ್ತಾ ಕೇಳಿದ. ಆಮೇಲೆ, "ಮಾತು ಸಾಕು ಬಿಡವ್ವ. ಡೀಲರ್ ಕೊಯ್ದು ಕೊಟ್ಟಿದ್ದು ಒಂದು ಫೈಬರ್-ನೈಟ್ರೋಜನ್ದು, ಒಂದು ಫೈಬರ್-ಆಕ್ಸಿಜನ್ದು; ಇನ್ನೊಂದು ನಮ್ಮ ಹಳೇ ಮಷಿನ್ದು. ಯಾವ್ದು ಯಾವ್ದು ಅಂತ ಹಿಂದೆ ಬರದೈತೆ. ನಾನು ಕಣ್ಣು ಮುಚ್ಕೋತೀನಿ, ನೀನು ಒಂದೊಂದೇ ಕೊಡು" ಎಂದ.

ಬಿಲ್ಲೆಗಳನ್ನು ಅದಲುಬದಲು ಮಾಡಿ ಒಂದೊಂದಾಗಿ ಕೈಗಿಟ್ಟೆ. ಮೊದಲನೆಯದನ್ನು ಸವರಿ ಪಕ್ಕಕ್ಕಿಟ್ಟ. ಎರಡನೆಯದನ್ನೂ ಅಷ್ಟೇ. ಮೂರನೆಯದರ ಅಂಚಿನುದ್ದಕ್ಕೂ ಹೆಬ್ಬೆರಳೆಳೆದು ನಕ್ಕ. "ಇದೇ ನೋಡು ನೈಟ್ರೋಜನ್ದು. ಬೆಣ್ಣೆ ಇದ್ದಂಗೈತೆ."

ಅದು ಅವನ ಹಳೆಯ ಮಷಿನ್ನಿನ ಬಿಲ್ಲೆ. ನಾನು ಕೂತಲ್ಲಿಂದಲೇ ಅಂಚಿನ ಮುಳ್ಳುಗಳು ಕಾಣುತ್ತಿದ್ದವು. ಅವನ ಬೆರಳಿನಿಂದ ರಕ್ತ ಇಳಿದು ಸೀರೆಯ ತುಂಡಿನ ಮೇಲೆ ಬೀಳುತ್ತಿತ್ತು. ಅಪ್ಪ ಮಾತ್ರ ಕಣ್ಣು ಮುಚ್ಚಿಕೊಂಡೇ ಇನ್ನೊಮ್ಮೆ ಸವರಲು ಹೊರಟಿದ್ದ.

ಗಾಬರಿಯಾದರೆ ನನ್ನ ಬಾಯಿಗೆ ಬರುವುದು ತೆಲುಗೇ. "ನಾನ್ನಾ, ಆಪು", ಅಪ್ಪಾ, ನಿಲ್ಲಿಸು ಎಂದು ಅವನ ಮಣಿಕಟ್ಟು ಹಿಡಿದುಕೊಂಡೆ.

ಕಣ್ಣು ತೆರೆದು ರಕ್ತ ನೋಡಿದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ನಾನು ಬಟ್ಟೆಯಿಂದ ಬೆರಳನ್ನು ಒತ್ತಿ ಹಿಡಿದೆ. "ಅದ್ರಾಗೆ ಮುಳ್ಳೈತಾ? ನಿಜ ಹೇಳು" ಎಂದು ಕೇಳಿದ.

ಸುಳ್ಳು ಹೇಳಲು ನಾಲಿಗೆ ಸಿದ್ಧವಾಗಿತ್ತು. ಹೌದಪ್ಪ, ಮಷಿನ್ ಕೆಟ್ಟಿದೆ, ಫೈಬರ್ ತಗೋ ಎಂದರೆ ಸಾಕು, ಎದೆ ಸೆಟೆಸಿಕೊಂಡು ಊರಿಗೆ ಹೋಗುತ್ತಿದ್ದ. ಆದರೆ ಹೊಸ ಮಷಿನ್ ಕೊಯ್ದದ್ದನ್ನೂ ಪಾಸು ಮಾಡುವುದು ಇದೇ ಬೆರಳು. ನಾಳೆ ಇನ್ಯಾರದೋ ಕೈ ಕೊಯ್ಯುತ್ತದೆ.

"ಮುಳ್ಳು ಸಾಲಾಗಿ ಇದೆ ಅಪ್ಪ. ನಿನ್ನ ಬೆರಳಿಗೆ ಗೊತ್ತಾಗ್ತಾ ಇಲ್ಲ" ಎಂದೆ.

ಬಿಲ್ಲೆಯನ್ನು ಮೇಜಿನ ಮೇಲಿಟ್ಟ. "ಸಕ್ಕರೆ ಕಾಯಿಲೆ ಪಾದಕ್ಕೆ ಮಾತ್ರ ಜೋಮು ಹಿಡಿಸೈತೆ ಅನ್ಕೊಂಡಿದ್ದೆ. ಈಚೀಚೆಗೆ ಟೀ ಲೋಟದ ಬಿಸೀನೂ ಕೈಗೆ ಗೊತ್ತಾಗ್ತಿರ್ಲಿಲ್ಲ. ಅನುಮಾನ ಇತ್ತು. ವರ್ಕ್‌ಶಾಪ್‌ನಾಗೆ ಯಾರನ್ನ ಕೇಳ್ಲಿ? ಮೀರು ಚೆಪ್ಪಿಂದೇ ಕರೆಕ್ಟ್ ಸಾರ್, ನೀವು ಹೇಳಿದ್ದೇ ಸರಿ ಅಂತಾರೆ ಎಲ್ರೂ. ನೀನಾದ್ರೆ ಮುಲಾಜು ನೋಡದೆ ಹೇಳ್ತೀಯ ಅಂತ ಬಂದೆ."

ಮಷಿನ್ ಆರಿಸಲು ಅಷ್ಟು ದೂರ ಬಂದವನಲ್ಲ ಇವನು. ನಾನೋ, ನೈಟ್ರೋಜನ್ ಆಕ್ಸಿಜನ್ ಎಂದು ಅಷ್ಟೊಂದು ಕೊರೆದಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯನ ಮೇಲೆ ತಡೆಯಲಾರದಷ್ಟು ಪ್ರೀತಿ ಉಕ್ಕಿತು.

"ಹಂಗಾರೆ ಫೈಬರ್ ಬ್ಯಾಡ್ವಾ?" ಎಂದ.

"ಬೇಕು. ತೆಳು ಸ್ಟೇನ್‌ಲೆಸ್‌ಗೆ ಫೈಬರ್, ನೈಟ್ರೋಜನ್ ಜೊತೆ. ದಪ್ಪ ಪ್ಲೇಟಿಗೆ ಹಳೇದೇ ಇರ್ಲಿ, ಅದೇನೂ ಕೆಟ್ಟಿಲ್ಲ. ಗ್ಯಾಸ್ ಊದೋ ನಾಝಲ್ ಸವೆದಿರ್ಬೇಕು, ಲೆನ್ಸ್ ಹೊಲಸಾಗಿರ್ಬೇಕು, ಅಷ್ಟೇ."

"ಮಷಿನ್ ನಡ್ಸೋ ಆಪರೇಟರ್ ಇದನ್ನೇ ಹೇಳಿದ್ದ. ನಾನು ಅಂಚಿನ ಮ್ಯಾಲೆ ಬೆರಳಾಡ್ಸಿ, ಚೆಂದಾಗೇ ಐತೆ, ಕತೆ ಹೇಳ್ಬ್ಯಾಡ ಅಂತ ಬೈದಿದ್ದೆ." ಎಡಗೈಯಲ್ಲಿ ಫೋನ್ ತೆಗೆದು ಅಲ್ಲೇ ಕೂತು ಆ ಆಪರೇಟರ್‌ಗೆ ಕರೆ ಮಾಡಿದ. ನೀನು ಹೇಳಿದ್ದೇ ಸರಿ, ನಂದೇ ತಪ್ಪು, ಇನ್ನು ಅಂಚು ನೀನೇ ನೋಡಿ ಕಳಿಸು ಎಂದು ತೆಲುಗಿನಲ್ಲಿ ಹೇಳಿದ. ಅಪ್ಪ ಯಾರ ಹತ್ತಿರವಾದರೂ ತಪ್ಪೊಪ್ಪಿಕೊಂಡದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ರಕ್ತ ನಿಂತ ಮೇಲೆ ಹತ್ತಿಯಲ್ಲಿ ಟಿಂಚರ್ ಅದ್ದಿ ಗಾಯಕ್ಕಿಟ್ಟೆ. ಗಾಯ ಆಳವಾಗಿತ್ತು, ಆದರೂ ಬೆರಳು ಅಳುಕಲಿಲ್ಲ. ಅಪ್ಪ ಬೆರಳನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ಉರೀತೈತಾ ಅವ್ವ?" ಎಂದು ಮೆಲ್ಲಗೆ ನನ್ನನ್ನು ಕೇಳಿದ.

"ಹೌದಪ್ಪ, ಉರೀತಾ ಇದೆ" ಎಂದೆ.