ತೂಕ ನೋಡಿ ಕೊಂಡ ಪಿಟೀಲು

ದಾಂಡೇಲಿಯಲ್ಲಿ ಮಂಚ, ಕಪಾಟು ಮಾಡಿಸಿ ಮಾರಿ ಬದುಕು ಕಟ್ಟಿಕೊಂಡವಳು ನಾನು. ಕಟ್ಟಿಗೆ ಡಿಪೋದ ಲಿಲಾವಿನಲ್ಲಿ ಗಂಡಸರ ನಡುವೆ ನಿಂತು, ದಿಮ್ಮಿ ಗುದ್ದಿ ನೋಡಿ ಸಾಗವಾನಿಗೆ ಬೆಲೆ ಕೂಗಿದವಳು. ಭಾರ ಇದ್ದರೆ ಬಾಳಿಕೆ. ಇಷ್ಟೇ ನನ್ನ ಶಾಸ್ತ್ರ.

ನಲವತ್ತೈದಕ್ಕೆ ಪಿಟೀಲು ಕಲಿಯುವ ಹುಕಿ ಬಂದಾಗಲೂ ಅದೇ ಶಾಸ್ತ್ರ ಹಿಡಿದು ಹಳಿಯಾಳದ ವಾದ್ಯದ ಅಂಗಡಿಗೆ ಹೋದೆ. "ತಡೀರಿ, ನಾನೂ ಬರ್ತೇನಿ" ಅಂದಿದ್ದರು ಕಲಿಸಲು ಒಪ್ಪಿದ ಮಾಸ್ತರರು. ಕಟ್ಟಿಗೆ ಆರಿಸಲು ನನಗೆ ಇನ್ನೊಬ್ಬರು ಬೇಕೇ? ಹಗುರಾದವನ್ನೆಲ್ಲ ಪಕ್ಕಕ್ಕಿಟ್ಟು, ಗುದ್ದಿದರೆ ದಬ್ ಅನ್ನುವ, ಮಿರಮಿರ ಮಿಂಚುವ ಒಂದನ್ನು ಎತ್ತಿಕೊಂಡೆ.

"ಅಕ್ಕಾರು ಕಟ್ಟಿಗಿ ಬಲ್ಲವರು ಬಿಡ್ರಿ!" ಅಂದ ಅಂಗಡಿಯವ. ಚೌಕಾಸಿಗೂ ಬೇಗ ಸೋತ. ಆಗಲೇ ತಿಳಿಯಬೇಕಿತ್ತು. ಬೇಗ ಸೋಲುವ ವ್ಯಾಪಾರಿಯ ಹತ್ತಿರ ಸೂಜಿಯನ್ನೂ ಕೊಳ್ಳಬೇಡಿ.

ಬಿರಡೆ ತಿರುಗಿಸಿ ಶ್ರುತಿ ಮಾಡಿದರೆ ಸಾ ಹಚ್ಚುವಷ್ಟರಲ್ಲಿ ತಂತಿ ಜಾರುತ್ತಿತ್ತು. ಹಲಗೆಯಿಂದ ತಂತಿ ಎಷ್ಟು ಎತ್ತರವೆಂದರೆ ಒತ್ತಿ ಒತ್ತಿ ಬೆರಳು ಸೀಳಿದವು. ಬದಲಿಸಿಕೊಡು ಅಂತ ಒಯ್ದರೆ, ನಾಲ್ಕು ಜನ ಗಿರಾಕಿಗಳ ಮುಂದೆ ನಕ್ಕ: "ವಾದ್ಯ ಚಲೋ ಐತ್ರಿ ಅಕ್ಕಾರ, ಕೈ ಒರಟ. ನೀವು ಮಂಚಾನ ಮಾಡ್ರಿ."

ಅವರೂ ನಕ್ಕರು. ನಿಜವಿರಬಹುದು ಅನ್ನಿಸಿತು; ಪೆಟ್ಟಿಗೆ ಮುಚ್ಚಿಟ್ಟೆ.

ನಾನು ಪಾಠಕ್ಕೆ ಬಾರದ್ದು ಕಂಡು ಮಾಸ್ತರರೇ ಮನೆಗೆ ಬಂದು, ತಮ್ಮ ಹಳೆಯ ಪಿಟೀಲನ್ನು ನನ್ನ ಕೈಗಿಟ್ಟರು. ಒಣಗಿದ ಸೋರೆಬುರುಡೆಯಷ್ಟು ಹಗುರ. ಅದೇ ಒರಟು ಕೈ, ಕಮಾನು ಎಳೆದರೆ ಸಾ ಕೋಣೆ ತುಂಬಿತು. "ಇದು ಮಂಚ ಅಲ್ರೀ, ಉಸಿರಾಡಬೇಕು" ಅಂದರು.

ಅವತ್ತು ನನಗೆ ಸಂಗೀತಕ್ಕಿಂತ ಮೊದಲು ಹಟ ಹತ್ತಿತು.

ಆ ಹಳೆಯ ಪಿಟೀಲಿನಲ್ಲೇ ಕಲಿತು, ವರ್ಷ ಕಳೆದು, ಸಂತೆಯ ದಿನ, ಅಂಗಡಿ ತುಂಬಿದ್ದಾಗ ಹೋದೆ. ಮೇಲಿದ್ದ ಹಗುರ ಪಿಟೀಲು ಇಳಿಸಿಕೊಂಡು, ಚಾಪೆಯ ಮೇಲೆ ಕೂತು ಒಂದು ಭಜನೆ ಬಾರಿಸಿದೆ. ಜನ ಸುತ್ತ ನೆರೆದರು. ಆಮೇಲೆ ಜೊತೆಗೆ ತಂದಿದ್ದ ನನ್ನ ಭಾರದ ಪಿಟೀಲನ್ನು ಅಂಗಡಿಯವನ ಮಡಿಲಿಗಿಟ್ಟೆ.

"ನಿಮ್ಮ ಕೈ ನಯ ಐತಲ್ರಿ, ಬಾರಿಸ್ರಿ."

ಬಿರಡೆ ತಿರುವಿದ, ಜಾರಿತು. ಮತ್ತೆ ತಿರುವಿದ. ಮಗಳಿಗೆ ಅಂಥದ್ದೇ ಒಂದನ್ನು ಹಿಡಿದು ನಿಂತಿದ್ದ ಜೋಯಿಡಾದ ಹೆಂಗಸು ಅದನ್ನು ಸದ್ದಿಲ್ಲದೆ ಕೆಳಗಿಟ್ಟಳು.

"ಅಕ್ಕಾರ, ಬದಲಿ ಕೊಡ್ತೇನಿ, ಸಣ್ಣಗ ಮಾತಾಡ್ರಿ" ಅಂದ.

"ಬ್ಯಾಡ್ರಿ. ಇದು ನನಗ ಬೇಕು."

ಈಗ ಅದು ನನ್ನ ಅಂಗಡಿಯ ಗೋಡೆಯ ಮೇಲಿದೆ. ಪಿಟೀಲು ಕಲಿಯುವೆ ಅಂದವರಿಗೆ ಮೊದಲು ಅದನ್ನೇ ಎತ್ತಿಸುತ್ತೇನೆ. ಹೊಳಪು ನೋಡಬೇಡಿ, ತಂತಿಯ ಕೆಳಗಿನ ಸಂದು ನೋಡಿ. ಶ್ರುತಿ ಮಾಡಿ ಒಂದು ಚಹಾ ಕುಡಿದು ಬನ್ನಿ, ಆಗಲೂ ಶ್ರುತಿ ನಿಂತಿದ್ದರೆ ಬೆಲೆ ಮಾತಾಡಿ. ಕಲಿಸುವವರನ್ನು ಜೊತೆಗೆ ಒಯ್ಯಿರಿ. ಅವರಿಗೆ ಬಿಡುವಿಲ್ಲದಿದ್ದರೆ ನಾನು ಬರುತ್ತೇನೆ, ಹಳಿಯಾಳಕ್ಕಾದರೆ ಖಂಡಿತ.

ನನ್ನನ್ನು ಕಂಡ ಕೂಡಲೇ ಆ ಅಂಗಡಿಯವ ಒಳಗಿನ ಒಳ್ಳೆಯವನ್ನೇ ತಂದಿಡುತ್ತಾನೆ. ಆದರೂ ಒಂದೊಂದನ್ನೂ ಎತ್ತಿ ನೋಡುತ್ತೇನೆ, ಗಿರಾಕಿಗಳೆಲ್ಲರ ಕಣ್ಣಿಗೆ ಬೀಳುವ ಹಾಗೆ, ಬಹಳ ಸಾವಕಾಶವಾಗಿ.