ಮೊದಲು ಅಟ್ಟ, ಆಮೇಲೆ ಚೆಕ್

ವಡೋದರಾದ ಫತೇಗಂಜ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ನಿವೃತ್ತ ಇತಿಹಾಸದ ಟೀಚರನ್ನು ಎಲ್ಲರೂ ಬೆಹನ್ ಎನ್ನುತ್ತಿದ್ದರು. ಆ ಸೀಮೆಯ ಇತಿಹಾಸಕ್ಕೊಂದು ಮ್ಯೂಸಿಯಂ ಕಟ್ಟಿಸಲು ಅವರು ಚಂದಾ ಎತ್ತುತ್ತಿದ್ದರು. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದಿದ್ದ ನನ್ನ ಭಾನುವಾರಗಳೂ ಸ್ಕೂಟರೂ ಅವರ ಪಾಲಾಗಿದ್ದವು. ಯಾರ ಮನೆಗೆ ಹೋದರೂ ಒಂದೇ ಮಾತು: "ಮೊದಲು ಅಟ್ಟ ತೋರಿಸಿ, ಚೆಕ್ ಆಮೇಲೆ." ಸೆರಗು ಸೊಂಟಕ್ಕೆ ಸಿಕ್ಕಿಸಿ, ಮ್ಯೂಸಿಯಂಗೆ ಹಳೆಯ ಸಾಮಾನು ಹುಡುಕಲು ಏಣಿ ಹತ್ತಿಯೇಬಿಡುತ್ತಿದ್ದರು.

ಒಮ್ಮೆ ಒಬ್ಬ ಕಾರ್ಖಾನೆ ಮಾಲೀಕರ ಅಟ್ಟದಿಂದ ತುಕ್ಕು ಹಿಡಿದ ತಕ್ಕಡಿ ಇಳಿಸಿದರು. ಮಾಲೀಕರ ಮುಖ ಸಣ್ಣದಾಯಿತು. ಅವರ ತಾತ ಅದನ್ನು ಹೆಗಲಿಗೇರಿಸಿ ಬೀದಿ ಬೀದಿ ಸುತ್ತಿ ಈರುಳ್ಳಿ ಮಾರಿದವರಂತೆ.

"ಅದನ್ನು ಅಲ್ಲೇ ಬಿಡಿ ಬೆಹನ್, ದುಪ್ಪಟ್ಟು ಬರೆದುಕೊಡ್ತೀನಿ. ಅಮೃತಶಿಲೆ ಮೇಲೆ ನನ್ನ ಹೆಸರು ಹಾಕಿಸಿ, ಸಾಕು."

"ಹಾಗಾದ್ರೆ ಚೆಕ್ ನೀವೇ ಇಟ್ಟುಕೊಳ್ಳಿ ಭಾಯಿ, ಇದನ್ನು ನನಗೆ ಕೊಡಿ." ಮಾಲೀಕರು ಒಲ್ಲೆ ಎನ್ನಲಾಗದೆ ತಲೆಯಾಡಿಸಿದರು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಗೋಡೆ ಎಬ್ಬಿಸೋಕಾದರೂ ದುಡ್ಡು ಬೇಕಲ್ಲ!" ಎಂದು ರೇಗಿದೆ. ಹಿಂದೆ ತಕ್ಕಡಿ ಅಪ್ಪಿಕೊಂಡು ಕೂತಿದ್ದ ಬೆಹನ್, "ಬರೀ ಗೋಡೆಯಿದ್ದರೆ ಅದು ಗೋಡೌನು" ಎಂದರು.

ಮುಂದಿನ ಭಾನುವಾರ ಆ ಮಾಲೀಕರೇ ಬೆಹನ್ ಮನೆಯ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಚೆಕ್, ಇನ್ನೊಂದರಲ್ಲಿ ಭಾರವಾದ ಗೋಣಿಚೀಲ. ಅದರೊಳಗೆ ತಾತ ಬಳಸುತ್ತಿದ್ದ ತೂಕದ ಕಲ್ಲುಗಳಿದ್ದವು.

"ಕಲ್ಲಿಲ್ಲದ ತಕ್ಕಡಿ ಇಟ್ಟರೆ ಜನ ನಮ್ಮ ತಾತನನ್ನು ಮೋಸಗಾರ ಅಂದುಕೊಳ್ತಾರೆ. ಅವರ ಹೆಸರೇ ಹಾಕಿಸಿ" ಎಂದರು.

ಬೆಹನ್ ನೆಲದ ಮೇಲೆ ಕೂತು ಒಂದೊಂದೇ ಕಲ್ಲನ್ನು ಸೆರಗಿನಿಂದ ಒರೆಸತೊಡಗಿದರು. ಚೆಕ್ ಚಾಚಿದ ಮಾಲೀಕರ ಕೈ ಬೆಹನ್ ತಲೆಯ ಮೇಲೆ ಹಾಗೇ ನಿಂತಿತ್ತು. ಕೊನೆಗೆ ಅದನ್ನು ನಾನೇ ಇಸಿದುಕೊಂಡೆ.