ಕೆಲ್ಲರ್ ಮಾಸ್ಟ್ರಿಗೆ ಒಂದು ಕನ್ನಡ ಪ್ರಾರ್ಥನೆ

"ನಿಮ್ಮ ಭಾಷೆಯಲ್ಲಿ ಒಂದು ಪ್ರಾರ್ಥನೆ ಹೇಳುತ್ತೀರಾ? ಜರ್ಮನ್‌ನಲ್ಲಿ ಹೇಳಿದರೆ ಅವರಿಗೆ ಗೊತ್ತಾಗಿಬಿಡುತ್ತದೆ."

ಹೋದ ವಾರ ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ನಿಂತು ಹರಕು ಇಂಗ್ಲಿಷಿನಲ್ಲಿ ಹೀಗೆ ಕೇಳಿದವರು ಕೆಳಗಿನ ಮನೆಯ ಫ್ರೌ ಕೆಲ್ಲರ್. (ಶ್ರೀಮತಿ ಅನ್ನುವುದಕ್ಕೆ ಇಲ್ಲಿ ಫ್ರೌ.) 'ಅವರು' ಅಂದರೆ ಆಕೆಯ ಗಂಡ. ತೀರಿಕೊಂಡು ಎರಡು ದಿನವಾಗಿತ್ತು.

ಸತ್ತ ಮೇಲೆ ಏನೂ ಇಲ್ಲ ಎಂದು ಜೀವನವಿಡೀ ಹೇಳಿದ ಮನುಷ್ಯನಿಗೆ ಗೊತ್ತಾಗುವುದು ಹೇಗೆ? (ನಾನು ಕೇಳಲಿಲ್ಲ. ಅಳುತ್ತಿರುವವರ ಹತ್ತಿರ ಲಾಜಿಕ್ ಮಾತಾಡಬಾರದು.)

ಗಂಡ ಹೆರ್ ಕೆಲ್ಲರ್ ಇಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ನಮ್ಮ ಉಡುಪಿ ಕಡೆಯ ರೂಢಿಯಂತೆ ನನ್ನ ಪಾಲಿಗೆ ಕೆಲ್ಲರ್ ಮಾಸ್ಟ್ರು. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಇಲ್ಲಿಗೆ ಬಂದ ಮಗಳು ಶುಭಾ ಬೆಳಗಾದರೆ ಕಂಪ್ಯೂಟರಿನ ಮುಂದೆ. ಬೇಸಿಗೆಗೆ ಬಂದು ಹೋಗುವ ನನಗೆ ಇಂಗ್ಲಿಷಿನಲ್ಲಿ ಹರಟೆಗೆ ಸಿಕ್ಕವರು ಇವರೊಬ್ಬರೇ. ಊರಾಚೆ ಅವರದ್ದೊಂದು ಪುಟ್ಟ ತೋಟವಿದೆ. ಅದರಲ್ಲೊಂದು ಪ್ಲಮ್ ಮರ, ಮರದಡಿ ಬೆಂಚು, ಬೇಲಿಯ ಬದಿಗೆ ನಾನು ಊರಿನಿಂದ ತಂದ ಬೀಜದ ಹರಿವೆ. ಫ್ರೌ ಕೆಲ್ಲರ್ ಕೇಕ್ ತರುತ್ತಿದ್ದರು. ಎಲೆಗಳ ನಡುವಿನ ಬಿಸಿಲು ಮೂವರ ಮಡಿಲಲ್ಲೂ ಅಲುಗಾಡುತ್ತಿತ್ತು. ದೂರದಲ್ಲಿ ಟ್ರಾಮ್ ಸದ್ದು. ಆ ಮಧ್ಯಾಹ್ನಗಳು ಮುಗಿದವೆಂದು ನನಗೆ ಈಗಲೂ ಅನಿಸುವುದಿಲ್ಲ. ಎಲ್ಲೋ ಇನ್ನೂ ನಡೆಯುತ್ತಲೇ ಇವೆ.

ಮಾಸ್ಟ್ರಿಗೆ ಒಬ್ಬ ಫಿಲಾಸಫರನ ಹುಚ್ಚು. ಹತ್ತೊಂಬತ್ತನೇ ಶತಮಾನದ ಜರ್ಮನ್. (ಹೆಸರು ಬೇಡ, ನನ್ನ ನಾಲಿಗೆ ಹೊರಳುವುದಿಲ್ಲ.) ಆ ಫಿಲಾಸಫರನ ವಾದ ಇಷ್ಟೇ: ದೇವರು ಮನುಷ್ಯನನ್ನು ಮಾಡಲಿಲ್ಲ, ಮನುಷ್ಯನೇ ದೇವರನ್ನು ಮಾಡಿದ. ತನ್ನೊಳಗಿನ ಪ್ರೀತಿ, ಕರುಣೆ, ನ್ಯಾಯ ಎಲ್ಲವನ್ನೂ ಆಕಾಶಕ್ಕೆ ಕಳಿಸಿದ. ಆಮೇಲೆ ಕೆಳಗೆ ಮಂಡಿಯೂರಿ ಅದನ್ನೇ ಬೇಡಿದ.

"ನಮ್ಮ ಕಾನ್ವೆಂಟಿನ ಸಿಸ್ಟರ್ ಇದನ್ನು ಕೇಳಿದ್ದರೆ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು" ಅಂದೆ.

"ಅನೇಕರು ನಿಲ್ಲಿಸಿದ್ದಾರೆ" ಅಂದರು ಮಾಸ್ಟ್ರು, ಹೆಮ್ಮೆಯಿಂದ.

ಆ ಒಂದು ಯೋಚನೆಯ ಪ್ರಯಾಣವನ್ನು ಅವರು ಕಥೆಯಂತೆ ಹೇಳುತ್ತಿದ್ದರು. ಅದನ್ನು ಓದಿ ಗಡ್ಡದ ಕ್ರಾಂತಿಕಾರಿಯೊಬ್ಬರು ಸ್ವರ್ಗ ಬಿಟ್ಟು ಫ್ಯಾಕ್ಟರಿಯ ಕಡೆ ತಿರುಗಿದರಂತೆ. ವಿಯೆನ್ನಾದ ಮನೋವೈದ್ಯರೊಬ್ಬರು ದೇವರಲ್ಲಿ ಅಪ್ಪನನ್ನು ಕಂಡರಂತೆ. ಆ ಯೋಚನೆಯ ನೆರಳಿನಲ್ಲೇ ಪೂರ್ವ ಜರ್ಮನಿಯ ಎಷ್ಟೋ ಮಕ್ಕಳು ಚರ್ಚಿನ ಒಳಗೆ ಕಾಲಿಡದೆ ಬೆಳೆದರಂತೆ.

ನಾನು ಕೇಳಿದೆ: "ಚೌತಿಗೆ ನಾವು ಗಣಪತಿಯನ್ನು ಮಣ್ಣಿನಲ್ಲಿ ಮಾಡುತ್ತೇವೆ. ಜೀವ ತುಂಬುತ್ತೇವೆ. ಕಡುಬು ತಿನ್ನಿಸಿ ನೀರಿಗೆ ಬಿಡುತ್ತೇವೆ. ಇಷ್ಟು ಹೇಳಲು ನಿಮ್ಮವರಿಗೆ ಅಷ್ಟು ದಪ್ಪ ಪುಸ್ತಕ ಬೇಕಾಯಿತೇ?"

ಮಾಸ್ಟ್ರು ಕಾಫಿ ಚೆಲ್ಲುವಷ್ಟು ನಕ್ಕರು. ಫ್ರೌ ಕೆಲ್ಲರ್ ನಗಲಿಲ್ಲ. ಆಕೆ ರೇಗನ್ಸ್‌ಬರ್ಗ್ ಹತ್ತಿರದ ಹಳ್ಳಿಯ ಕ್ಯಾಥೊಲಿಕ್ ಹುಡುಗಿ. ಗಂಡನಿಗೋಸ್ಕರ ಚರ್ಚ್ ಬಿಟ್ಟವರು. ಗಂಡನ ಕೊನೆಯ ಮಾತೂ ಸ್ಪಷ್ಟವಾಗಿತ್ತು: ಪಾದ್ರಿ ಬೇಡ, ಪ್ರಾರ್ಥನೆ ಬೇಡ. ಆದರೆ ಏನನ್ನೂ ಹೇಳದೆ ಅವರನ್ನು ಮಣ್ಣಿಗೆ ಹಾಕುವುದು ಈಕೆಯಿಂದ ಆಗದು. ಅದಕ್ಕೇ ನನ್ನ ಬಾಗಿಲು ತಟ್ಟಿದ್ದು. ನಾನು ಹೂಂ ಅಂದುಬಿಟ್ಟೆ.

ಶುಭಾ ರೇಗಿದಳು. "ಎಂತಕ್ಕೆ ಹೂಂ ಅಂದದ್ದಮ್ಮ? ಅವ್ರು ಬೇಡ ಅಂತ ಹೇಳಿದ್ದು ನಿಂಗೆ ಗೊತ್ತುಂಟಲ್ಲ?"

"ಗೊತ್ತುಂಟು ಮಾರಾಯ್ತಿ. ಇವ್ರಿಗೆ ಬೇಕಲ್ಲ?"

"ಮತ್ತೆ ಎಂತ ಹೇಳ್ತಿ? ಶ್ಲೋಕವಾ?"

"ಶ್ಲೋಕ ಹೇಳಿದ್ರೆ ಮಾಸ್ಟ್ರು ಎದ್ದು ಕೂತ್ಕೊಂಡಾರು."

ತಮಾಷೆ ಮಾಡಿದೆ, ಸರಿ. ಆದರೆ ಏನು ಮಾಡಲಿ? ಸತ್ತ ಸ್ನೇಹಿತನಿಗೆ ಮೋಸ ಮಾಡುವುದೇ? ಬದುಕಿರುವ ಸ್ನೇಹಿತೆಯನ್ನು ಕೈಬಿಡುವುದೇ?

ಸ್ಮಶಾನ ಎಂದರೆ ಇಲ್ಲಿ ಕಾಡು. ಎತ್ತರದ ಮರಗಳು, ಹಾಲಿನಂಥ ಮಂಜು. ಕನಸಿನೊಳಗೆ ನಡೆಯುತ್ತಿರುವಂತಿತ್ತು. ಯಾರೋ ಮಾಸ್ಟ್ರ ಸರ್ವಿಸ್ ಬಗ್ಗೆ ನೀಟಾಗಿ ಮಾತಾಡಿದರು. ಅವರು ಮುಗಿಸಿದ್ದೇ, ಫ್ರೌ ಕೆಲ್ಲರ್ ನನ್ನ ಮೊಣಕೈ ಮುಟ್ಟಿದರು.

ನಾನು ಕೈ ಮುಗಿದೆ. ಪ್ರಾರ್ಥನೆಯ ಧಾಟಿಯಲ್ಲಿ, ನಿಧಾನವಾಗಿ, ಅಚ್ಚ ಉಡುಪಿ ಕನ್ನಡದಲ್ಲಿ ಹೇಳಿದೆ:

"ಮಾಸ್ಟ್ರೇ, ತೋಟದಲ್ಲಿ ಹರಿವೆ ಚೆಂದ ಬಂದಿದೆ. ನಿಮ್ಮ ಹೆಂಡತಿ ಮೊನ್ನೆಯಿಂದ ಸರಿಯಾಗಿ ಊಟ ಮಾಡ್ಲಿಲ್ಲ. ನಿಮ್ಮ ಕೋಟು ಇನ್ನೂ ಗೂಟದಲ್ಲೇ ಉಂಟು, ತೆಗೀಲಿಕ್ಕೆ ಬಿಡುದಿಲ್ಲ. ನೀವು ತಲೆಬಿಸಿ ಮಾಡ್ಬೇಡಿ. ಇವತ್ತು ನಾನು ಗಂಜಿ ಮಾಡಿ ಕುಡಿಸ್ತೇನೆ. ಹೋಗಿ ಬನ್ನಿ."

ದೇವರ ಹೆಸರು ನುಸುಳದಂತೆ ಎಷ್ಟು ಜಾಗ್ರತೆ ವಹಿಸಿದ್ದೆ! ಕೊನೆಗೆ ನಾಲಿಗೆ ಕೈಕೊಟ್ಟಿತು. ನಮ್ಮಲ್ಲಿ ಯಾರನ್ನಾದರೂ ಬರೀ 'ಹೋಗಿ' ಎಂದು ಕಳಿಸುವುದುಂಟೇ? ಅದು ಪುನರ್ಜನ್ಮವೂ ಅಲ್ಲ, ರಿಸರೆಕ್ಷನ್ನೂ ಅಲ್ಲ. ಬರೀ ಮ್ಯಾನರ್ಸ್.

ಫ್ರೌ ಕೆಲ್ಲರ್ ಕಣ್ಣೊರೆಸಿಕೊಂಡು ಶುಭಾಳ ಕಡೆ ತಿರುಗಿದರು. ಅಮ್ಮ ಏನು ಪ್ರಾರ್ಥಿಸಿದರು?

ನನ್ನ ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. (ಬೆಳೆಸಿದ್ದು ನಾನೇ, ಯಾರನ್ನು ದೂರಲಿ?) ಜರ್ಮನ್‌ನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಹರಿವೆ, ಕೋಟು, ಗಂಜಿ. ಕೊನೆಗೆ ತಡವರಿಸುತ್ತಾ, "ಹೋಗಿ, ಮತ್ತೆ ಬನ್ನಿ."

ಆಕೆ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡರು. ಪ್ರಾರ್ಥನೆ ಕೇಳಿದವರಿಗೆ ಗಂಜಿಯ ಸುದ್ದಿ ಕೊಟ್ಟೆನಲ್ಲ ಎಂದು ನಾನು ಕುಗ್ಗಿಹೋದೆ.

ಆಮೇಲೆ ಮೆಲ್ಲಗೆ ಅಂದರು: "ಮತ್ತೆ ಬರುವುದನ್ನು ಅವರು ಒಪ್ಪುತ್ತಿರಲಿಲ್ಲ. ತುಂಬಾ ವಾದ ಮಾಡುತ್ತಿದ್ದರು."

ಕೈಯಲ್ಲಿದ್ದ ಮಣ್ಣನ್ನು ಗುಂಡಿಗೆ ಹಾಕಿದರು. "ವಾದ ಮಾಡಲಿಕ್ಕಾದರೂ ಬರಲಿ."

ಈ ಮಾತಿಗೆ ಯಾವ ಫಿಲಾಸಫರ್ ಉತ್ತರ ಬರೆದಿದ್ದಾರೆ, ಹೇಳಿ?